ಇಬ್ಬರು ಅನ್ನಿ, ಎರಡು ಅನ್ನಬೇಡಿ

ನಮ್ಮೂರು ದೇವರಗುಡ್ಡ. ರಾಣೆಬೆನ್ನೂರು ತಾಲೂಕು, ಹಾವೇರಿ ಜಿಲ್ಲೆ. ಹೆಸರು ಕೇಳದವರೂ ವರ್ಷಕ್ಕೊಮ್ಮೆ ಟಿವಿಯಲ್ಲಿ ನೋಡಿರುತ್ತೀರಿ. ನವರಾತ್ರಿಯ ಆಯುಧಪೂಜೆಯ ದಿನ ಮಾಲತೇಶನ ಕಾರ್ಣಿಕ. ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಅಂತ ಕೂಗುತ್ತಾನೆ. ಅಷ್ಟೊತ್ತನಕ 'ಏಳು ಕೋಟಿಗೋ' ಅಂತ ಗಂಟಲು ಹರಿದುಕೊಳ್ಳುತ್ತಿದ್ದ ಜಾತ್ರೆ ಒಮ್ಮೆಲೇ ಗಪ್‌ಚುಪ್. ಒಂದೇ ಒಂದು ಸಾಲು ಹೇಳಿ ಗೊರವಪ್ಪ ಮೇಲಿಂದ ಬಿದ್ದುಬಿಡುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರು ನೋಡಿ. ಆ ನಾಲ್ಕೈದು ಪದಕ್ಕೆ ಅರ್ಥ ಹಚ್ಚುವ ಕೆಲಸ. ಮಳೆ ಅಂತ ಒಬ್ಬ, ಮೆಕ್ಕೆಜೋಳದ ರೇಟು ಅಂತ ಇನ್ನೊಬ್ಬ, ಮುಖ್ಯಮಂತ್ರಿ ಕುರ್ಚಿ ಅಂತ ಟಿವಿಯವರು. ಚಹಾದಂಗಡಿಯಲ್ಲಿ ಒಂದು ವಾರ ಅದೇ.

ಕಾರ್ಣಿಕವನ್ನು ನಂಬ್ತೀಯಾ ಅಂತ ಕೇಳಬೇಡಿ, ಅದು ಇಲ್ಲಿ ವಿಷಯ ಅಲ್ಲ. ನಾನು ಹೇಳುತ್ತಿರುವುದು ಇಷ್ಟೇ: ನಾಲ್ಕು ಪದಕ್ಕೆ ಇಷ್ಟು ಮರ್ಯಾದೆ ಕೊಡುವ ಊರಲ್ಲಿ ಹುಟ್ಟಿದವರಿಗೆ 'ಬಿಡು ಮಾರಾಯ, ಅದೊಂದು ಪದ ಅಷ್ಟೇ' ಅಂದರೆ ಸಿಟ್ಟು ಬರುತ್ತದೆ.

ಆ ಪದ ಯಾವುದು ಅಂದರೆ, ರಿಸೋರ್ಸ್.

ಈ ಸಲ ದಸರೆಗೆ ಊರಿಗೆ ಹೋದಾಗ ಅವ್ವ ಸಜ್ಜಿ ರೊಟ್ಟಿ ಬಡಿಯುತ್ತಾ ಕೇಳಿದಳು, 'ಬೆಂಗ್ಳೂರಾಗ ಮಂದೀನ್ನ ಕೆಲ್ಸದಿಂದ ತಗ್ಯಾಕತ್ತಾರಂತಲ್ಲ, ನಿಮ್ಮಲ್ಲಿ ಹೆಂಗೈತಿ?' ನಾನು ಮೊಬೈಲ್ ನೋಡುತ್ತಲೇ ಹೇಳಿದೆ, 'ನಮ್ಮ ಟೀಮಿನಾಗ ಎರಡು ರಿಸೋರ್ಸ್ ಹೋದ್ವು.'

'ಎರಡು ಏನು?'

'ರಿಸೋರ್ಸ್.'

'ಅಂದ್ರ? ಕಂಪ್ಯೂಟ್ರಾ?'

'ಅಲ್ಲಬೇ, ಮನಷ್ಯಾರು.'

ರೊಟ್ಟಿ ಬಡಿಯುವ ಕೈ ನಿಂತಿತು. 'ಮನಷ್ಯಾರಾದ್ರ ಇಬ್ರು ಹೋದ್ರು ಅನ್ನು. ಎರಡು ಹೋದ್ವು ಅಂತಿ. ಕುರೀ ಏನು?'

ಏಳನೇ ಇಯತ್ತೆ ಓದಿದ ನನ್ನವ್ವ ಒಂದು ವ್ಯಾಕರಣದ ತಪ್ಪು ಹಿಡಿದಿದ್ದಳು. ನಾನು ಅದನ್ನು ನಕ್ಕು ಹಾರಿಸಬಹುದಿತ್ತು. ಆದರೆ ನನ್ನ ಹೊಟ್ಟೆಪಾಡೇ ಪದಗಳದ್ದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಗ್ಲಿಷ್ ದಾಖಲೆಗಳನ್ನು ಫ್ರೆಂಚಿಗೆ ತರುವ ತಂಡದಲ್ಲಿದ್ದೇನೆ. ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬೇಡಿ. ಆ ಇಬ್ಬರ ಹೆಸರು ಇದ್ದ ಪಟ್ಟಿಯನ್ನು ತಯಾರಿಸಿದ್ದು ನಾನೇ. ನಿರ್ಧಾರ ನನ್ನದಲ್ಲ. ಆದರೆ ಎಕ್ಸೆಲ್ ಶೀಟು ನನ್ನದು. ಮೊದಲ ಕಾಲಂ 'ರಿಸೋರ್ಸ್ ಐಡಿ'. ಎರಡನೆಯದು 'ರಿಲೀಸ್ ಡೇಟ್'. ಹೆಸರಿಗೆ ಕಾಲಮ್ಮೇ ಇರಲಿಲ್ಲ. ಅವರಲ್ಲಿ ಒಬ್ಬರ ಜೊತೆ ನಾನು ಮೂರು ವರ್ಷ ಒಂದೇ ಟೇಬಲ್ಲಿನಲ್ಲಿ ಬುತ್ತಿ ಹಂಚಿಕೊಂಡಿದ್ದೆ. ಅವರ ಐಡಿ ಟೈಪ್ ಮಾಡುವಾಗ ಕೈ ನಡುಗಲಿಲ್ಲ. ಆರಂಕಿಯ ಸಂಖ್ಯೆ, ಅಷ್ಟೇ. ಹೆಸರು ಟೈಪ್ ಮಾಡಬೇಕಾಗಿದ್ದರೆ?

ಅವ್ವನ ವ್ಯಾಕರಣಕ್ಕೆ ಬರೋಣ. ಕನ್ನಡದಲ್ಲಿ ಮನುಷ್ಯರನ್ನು ಎಣಿಸುವ ಸಂಖ್ಯೆಯೇ ಬೇರೆ. ಎರಡು ಕುರಿ, ಎರಡು ಕುರ್ಚಿ, ಎರಡು ಲ್ಯಾಪ್‌ಟಾಪ್. ಆದರೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು. ಹೌದು, ಮೂವರು ನಾಲ್ವರು ಈಗ ಪೇಪರಿನ ಭಾಷೆಯಾಗಿವೆ, ನಮ್ಮ ಕಡೆ ಮಾತಾಡುವಾಗ ಮೂರು ಮಂದಿ, ನಾಕು ಮಂದಿ ಅಂತೀವಿ. ಆದರೂ ಆ 'ಮಂದಿ' ಬೇಕೇ ಬೇಕು. 'ನಾಕು ಮಂದಿ ಎಮ್ಮಿ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಇಂಗ್ಲಿಷಿನ 'ಟೂ' ಮನುಷ್ಯನಿಗೂ ಒಂದೇ, ಮೇಜಿಗೂ ಒಂದೇ. ಫ್ರೆಂಚಿನ 'ದ' ಕೂಡ ಹಾಗೇ.

ಇನ್ನೂ ಇದೆ. ಇಂಗ್ಲಿಷಿನ 'ದೇ' ಮನುಷ್ಯರಿಗೂ ಆಗುತ್ತದೆ, ಚಪ್ಪಲಿಗಳಿಗೂ ಆಗುತ್ತದೆ. ಫ್ರೆಂಚಿನಲ್ಲಿ 'ಈಲ್', 'ಎಲ್' ಅಂತ ಎರಡಿವೆ, ಆದರೆ ಅವು ಗಂಡು ಹೆಣ್ಣಿನ ಬೇಲಿ. ಮೇಜು ಹೆಣ್ಣು, ಪುಸ್ತಕ ಗಂಡು. ಅಲ್ಲಿ ತೊಂಬತ್ತೊಂಬತ್ತು ಹೆಂಗಸರ ಗುಂಪಿಗೆ ಒಬ್ಬ ಗಂಡಸು ಸೇರಿದರೆ ಶಾಲೆಯ ವ್ಯಾಕರಣದ ಪ್ರಕಾರ ಇಡೀ ಗುಂಪು ಗಂಡಾಗಿಬಿಡುತ್ತದೆ. ಕನ್ನಡದ ಬಹುವಚನ ಹಾಕುವ ಬೇಲಿ ಬೇರೆ ಕಡೆ ಇದೆ: ಅವರು ಮತ್ತು ಅವು. 'ಅವರು ಬಂದರು' ಅಂದರೆ ಬಂದದ್ದು ಗಂಡಸರೋ ಹೆಂಗಸರೋ ಗೊತ್ತಾಗುವುದಿಲ್ಲ, ಆದರೆ ಮನುಷ್ಯರು ಅನ್ನುವುದು ಗ್ಯಾರಂಟಿ. ಅಷ್ಟೇಕೆ, 'ನಾನು ಊರಿಗೆ ಹೋದೆ' ಅಂತ ಫ್ರೆಂಚಿನಲ್ಲಿ ಬರೆಯಬೇಕಾದರೆ ನಾನು ಹೆಣ್ಣಾಗಿದ್ದರೆ ಕ್ರಿಯಾಪದದ ಬಾಲಕ್ಕೆ ಒಂದು ಅಕ್ಷರ ಹೆಚ್ಚಿಗೆ ಅಂಟಿಸಬೇಕು. ಕನ್ನಡದಲ್ಲಿ ಇಲ್ಲಿಯವರೆಗೆ ಇಷ್ಟು ಓದಿದಿರಲ್ಲ, ನಾನು ಯಾರಂತ ನಿಮಗೆ ಗೊತ್ತಾಗಿಲ್ಲ. ಗೊತ್ತಾಗಬೇಕಾದ ಜರೂರೂ ಇಲ್ಲ.

ಈಗ 'ಹ್ಯೂಮನ್'. ಈ ಪದವನ್ನು ಇಂಗ್ಲಿಷು ಫ್ರೆಂಚಿನ 'ಯುಮ್ಯಾಂ'ನಿಂದ ಕಡ ತಂದದ್ದು. ಅದರ ಹಿಂದೆ ಲ್ಯಾಟಿನ್. ಫ್ರೆಂಚಿನಲ್ಲಿ ಇವತ್ತಿಗೂ ಆ ಒಂದೇ ಪದ ಎರಡು ಕೆಲಸ ಮಾಡುತ್ತದೆ: ಮನುಷ್ಯಜಾತಿಗೆ ಸೇರಿದ್ದು ಅಂತಲೂ ಹೌದು, ಅಂತಃಕರಣ ಉಳ್ಳದ್ದು ಅಂತಲೂ ಹೌದು. ಇಂಗ್ಲಿಷಿನವರು ಕಡ ತಂದ ಪದವನ್ನು ಎರಡು ಹೋಳು ಮಾಡಿದರು. 'ಹ್ಯೂಮನ್' ಅಂದರೆ ಬರೀ ಜಾತಿಯ ಹೆಸರು, 'ಹ್ಯೂಮೇನ್' ಅಂದರೆ ಗುಣ. ಮೊದಲು ಎರಡೂ ಒಂದೇ ಪದದ ಎರಡು ಕಾಗುಣಿತ ಅಷ್ಟೇ ಆಗಿದ್ದವು. ಹೋಳು ಮಾಡಿದ ಮೇಲೆ ಅನುಕೂಲ ಆಯಿತು. ಹ್ಯೂಮೇನ್ ಆಗದೆಯೂ ಹ್ಯೂಮನ್ ರಿಸೋರ್ಸ್ ವಿಭಾಗ ನಡೆಸಬಹುದು.

'ಮ್ಯಾನ್' ಅನ್ನುವುದು ಮಾತ್ರ ಇಂಗ್ಲಿಷಿನ ಸ್ವಂತ ಆಸ್ತಿ. ನಮ್ಮ ಮನು, ಮನುಷ್ಯರ ದಾಯಾದಿ ಅನ್ನುತ್ತಾರೆ ಭಾಷೆಯ ಬೇರು ಕೆದಕುವವರು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಮನುಷ್ಯ ಅಂತಲೇ ಅರ್ಥ. ಗಂಡಸಿಗೆ 'ವೇರ್', ಹೆಂಗಸಿಗೆ 'ವೀಫ್' ಅಂತ ಬೇರೆ ಪದಗಳಿದ್ದವು. ಕಾಲಕ್ರಮದಲ್ಲಿ ಗಂಡಸು ಮನುಷ್ಯ ಅನ್ನುವ ಹೆಸರನ್ನೇ ತನ್ನ ಖಾತೆಗೆ ಬರೆಸಿಕೊಂಡ. ಪಾಪದ 'ವೇರ್' ಈಗ ಉಳಿದಿರುವುದು ವೇರ್‌ವುಲ್ಫ್‌ನಲ್ಲಿ, ಹುಣ್ಣಿಮೆಗೆ ತೋಳ ಆಗುವ ಆಸಾಮಿಯಲ್ಲಿ. ಫ್ರೆಂಚಿನ 'ಓಮ್' ಕೂಡ ಇದೇ ಕಿತಾಪತಿ ಮಾಡಿದೆ. ಗಂಡಸೂ ಓಮ್, ಮನುಷ್ಯನೂ ಓಮ್. 1789ರ ಫ್ರೆಂಚ್ ಕ್ರಾಂತಿಯ ಆ ಪ್ರಸಿದ್ಧ ಘೋಷಣೆ 'ಓಮ್'ನ ಹಕ್ಕುಗಳದ್ದು. ಯಾವ ಓಮ್ ಸ್ವಾಮಿ, ಅಂತ ಕೇಳಿದವಳು ಒಲಾಂಪ್ ದ ಗೂಜ್. 1791ರಲ್ಲಿ ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ತಾನೇ ಬರೆದು ಅಚ್ಚು ಹಾಕಿಸಿದಳು. 1793ರಲ್ಲಿ ಅವಳ ತಲೆ ಗಿಲೊಟಿನ್‌ಗೆ ಹೋಯಿತು. ಬೇರೆ ರಾಜಕೀಯ ಕಾರಣಗಳೂ ಇದ್ದವು ಅನ್ನಿ.

'ಇದೆಲ್ಲ ಹಳೇ ಕತೆ, ಓಮ್ ಅಂದರೆ ಎಲ್ಲರೂ ಅಂತ ಎಲ್ಲರಿಗೂ ಗೊತ್ತು' ಅನ್ನುವವರಿಗೆ ನಮ್ಮ ದೇಶದ ಹಂಸಾ ಮೆಹ್ತಾ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ಸಿದ್ಧವಾಗುತ್ತಿದ್ದಾಗ ಮೊದಲ ಕಲಮಿನಲ್ಲಿ 'ಎಲ್ಲ ಮೆನ್' ಅಂತ ಇತ್ತು. ಭಾರತದ ಪ್ರತಿನಿಧಿಯಾಗಿದ್ದ ಈಕೆ ಪಟ್ಟು ಹಿಡಿದು ಅದನ್ನು 'ಎಲ್ಲ ಹ್ಯೂಮನ್ ಬೀಯಿಂಗ್ಸ್' ಅಂತ ಮಾಡಿಸಿದರು. 'ಮೆನ್' ಅಂದರೆ ಎಲ್ಲರೂ ಸೇರುತ್ತಾರೆ ಅನ್ನುವ ವಾದ ಆಗಲೂ ಇತ್ತು. ಬೇರೆ ಬೇರೆ ದೇಶಗಳಲ್ಲಿ ಅದನ್ನು ಹೇಗೆ ಓದುತ್ತಾರೆ ಅನ್ನುವುದು ಆಕೆಗೆ ಗೊತ್ತಿತ್ತು. ಫ್ರೆಂಚ್ ಪಠ್ಯದ ಮೊದಲ ಕಲಮೂ 'ಎತ್ರ್ ಯುಮ್ಯಾಂ', ಅಂದರೆ ಮನುಷ್ಯಜೀವಿಗಳು ಅನ್ನುತ್ತದೆ. ಶೀರ್ಷಿಕೆ ಮಾತ್ರ ಇವತ್ತಿಗೂ 'ಓಮ್'ನ ಹಕ್ಕುಗಳು. ಕೆನಡಾದ ಕ್ವಿಬೆಕ್‌ನವರು ಅದೇ ಫ್ರೆಂಚಿನಲ್ಲಿ 'ವ್ಯಕ್ತಿಯ ಹಕ್ಕುಗಳು' ಅಂತ ಬದಲಾಯಿಸಿಕೊಂಡರು, ಆಕಾಶ ಬೀಳಲಿಲ್ಲ.

ಆ ಘೋಷಣೆ ಅಂಗೀಕಾರವಾದದ್ದು 1948ರ ಡಿಸೆಂಬರ್ 10ರಂದು, ಪ್ಯಾರಿಸ್ಸಿನ ಶೈಯೋ ಅರಮನೆಯಲ್ಲಿ. ಈಗ ನಾನು ಹೇಳುವುದನ್ನು ಸ್ವಲ್ಪ ನಿಧಾನಕ್ಕೆ ಓದಿ. ಅದೇ ಕಟ್ಟಡದ ಇನ್ನೊಂದು ರೆಕ್ಕೆಯಲ್ಲಿ ಒಂದು ಮ್ಯೂಸಿಯಂ ಇದೆ. ಹೆಸರು 'ಮ್ಯೂಜೆ ದ ಲೋಮ್'. ಮನುಷ್ಯನ ಮ್ಯೂಸಿಯಂ. ಅಲ್ಲಿ ಆಗ ಸಾರಾ ಬಾರ್ಟ್‌ಮನ್ ಎಂಬ ಹೆಂಗಸಿನ ಎಲುಬಿನ ಗೂಡು ಪ್ರದರ್ಶನಕ್ಕಿತ್ತು. ದಕ್ಷಿಣ ಆಫ್ರಿಕಾದ ಖೊಯ್‌ಖೊಯ್ ಜನಾಂಗದವಳು. 1810ರಲ್ಲಿ ಲಂಡನ್ನಿಗೆ ತಂದು ಅವಳ ಮೈಯನ್ನು ಟಿಕೆಟ್ ಇಟ್ಟು ತೋರಿಸಿದರು. ಅಲ್ಲಿಂದ ಪ್ಯಾರಿಸ್. 1815ರ ಕೊನೆಯ ದಿನಗಳಲ್ಲಿ ಅಲ್ಲೇ ಸತ್ತಳು. ಸತ್ತ ಮೇಲೆ ಕುವಿಯೇ ಎಂಬ ಹೆಸರಾಂತ ವಿಜ್ಞಾನಿ ಅವಳ ದೇಹದ ಅಚ್ಚು ತೆಗೆಸಿ, ಆಮೇಲೆ ಕತ್ತರಿಸಿ, ಎಲುಬು ಇಟ್ಟುಕೊಂಡ. 1970ರ ದಶಕದವರೆಗೂ ಆ ಮನುಷ್ಯನ ಮ್ಯೂಸಿಯಮ್ಮಿನಲ್ಲಿ ಅವಳನ್ನು ಜನ ನೋಡುತ್ತಿದ್ದರು. ಅಂದರೆ ಒಂದೇ ಸೂರಿನಡಿ ಇತ್ತ ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅಂತ ಕೈ ಎತ್ತುತ್ತಿದ್ದಾರೆ, ಅತ್ತ ಗಾಜಿನ ಪೆಟ್ಟಿಗೆಯಲ್ಲಿ ಅವಳು ನಿಂತಿದ್ದಾಳೆ.

ಅವಳನ್ನು ಊರಿಗೆ ಕಳಿಸಿ ಅಂತ ದಕ್ಷಿಣ ಆಫ್ರಿಕಾ ಕೇಳಿದಾಗ ಅಡ್ಡ ಬಂದದ್ದು ಏನು ಗೊತ್ತಾ? ಪದ. ಫ್ರಾನ್ಸಿನ ಸರಕಾರಿ ಮ್ಯೂಸಿಯಮ್ಮುಗಳ ಸಂಗ್ರಹದಲ್ಲಿರುವ 'ವಸ್ತು'ಗಳನ್ನು ಆಗ ಯಾರಿಗೂ ಕೊಡುವ ಹಾಗಿರಲಿಲ್ಲ. ಅವಳು ಸಂಗ್ರಹದ ವಸ್ತು. ಕೊನೆಗೆ 2002ರಲ್ಲಿ ಅವಳೊಬ್ಬಳಿಗಾಗಿ ಸಂಸತ್ತು ಒಂದು ಕಾಯ್ದೆ ಮಾಡಬೇಕಾಯಿತು. ಆ ವರ್ಷ ಆಗಸ್ಟ್‌ನಲ್ಲಿ ಅವಳು ಹುಟ್ಟಿದ ಸೀಮೆಯಲ್ಲಿ ಮಣ್ಣು ಮಾಡಿದರು. ಅದೊಂದು ಪದ ಅಷ್ಟೇ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಒಂದು ಸಲ ವಸ್ತುವಿನ ಕಾಲಮ್ಮಿಗೆ ಹೋದ ಮನುಷ್ಯಳನ್ನು ಅಲ್ಲಿಂದ ಬಿಡಿಸಿ ತರಲು ಒಂದು ದೇಶದ ಪಾರ್ಲಿಮೆಂಟೇ ಕೂರಬೇಕಾಯಿತು.

'ಅಲ್ರೀ, ಎಲ್ಲಿಯ ಸಾರಾ, ಎಲ್ಲಿಯ ಎಚ್ಆರ್! ಎಮೋಷನಲ್ ಆಗಬೇಡಿ, ರಿಸೋರ್ಸ್ ಅನ್ನೋದು ಟೆಕ್ನಿಕಲ್ ಟರ್ಮ್' ಅಂತ ನನ್ನ ಮ್ಯಾನೇಜರ್ ಹೇಳಿದ್ದಾರೆ, ನೀವೂ ಹೇಳುತ್ತೀರಿ. ಸರಿ, ಟೆಕ್ನಿಕಲ್ಲಾಗಿಯೇ ನೋಡೋಣ. ನೀವು ಕೆಲಸಕ್ಕೆ ಸೇರಿದ ದಿನ ಬಂದ ಮೇಲ್ ತೆಗೆದು ಓದಿ. ಅಲ್ಲಿ ನೀವು 'ಟ್ಯಾಲೆಂಟ್', 'ಫ್ಯಾಮಿಲಿ'. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ಹೆಸರಿಡಿದು ಕರೆಯುತ್ತಾರೆ. ಪ್ರಾಜೆಕ್ಟಿಗೆ ಹಾಕುವಾಗ 'ರಿಸೋರ್ಸ್'. ಬಜೆಟ್ ಕಡಿಮೆಯಾದಾಗ 'ಹೆಡ್‌ಕೌಂಟ್'; ದನಕರುಗಳನ್ನು ಇಂಗ್ಲಿಷಿನಲ್ಲಿ ತಲೆ ಲೆಕ್ಕದಲ್ಲೇ ಎಣಿಸುವುದು. ಟೆಕ್ನಿಕಲ್ ಟರ್ಮ್ ಆದರೆ ಎಲ್ಲ ಕಾಲಕ್ಕೂ ಅದೇ ಇರಬೇಕಲ್ಲ? ಕೇಕಿನ ಮೇಲೆ 'ಹ್ಯಾಪಿ ಬರ್ತ್‌ಡೇ ರಿಸೋರ್ಸ್' ಅಂತ ಯಾಕೆ ಬರೆಸುವುದಿಲ್ಲ? ನಿಮಗೆ ಏನೋ ಮಾಡಬೇಕೆಂದಾಗ ಮಾತ್ರ ನಿಮ್ಮ ಹೆಸರು ಬದಲಾಗುತ್ತದೆ. 'ಮೂರು ರಿಸೋರ್ಸ್ ರಿಲೀಸ್ ಮಾಡಿದ್ವಿ' ಅನ್ನುವ ಬಾಯಲ್ಲಿ 'ಮೂರು ಮಂದೀನ ಕೆಲಸದಿಂದ ತೆಗೆದ್ವಿ' ಅಂತ ಹೇಳಿಸಿ ನೋಡಿ, ನಡುವೆ ಎಲ್ಲೋ ಎಂಜಲು ನುಂಗುತ್ತಾರೆ. ಫ್ರೆಂಚರು ಇನ್ನೂ ನಾಜೂಕು. ಅವರಲ್ಲಿ ಕೆಲಸದಿಂದ ತೆಗೆಯುವುದಕ್ಕೆ ಒಂದು ಪದ 'ರೆಮೆರ್ಸಿಯೇ'. ಅಕ್ಷರಶಃ ಅರ್ಥ, ಧನ್ಯವಾದ ಹೇಳುವುದು! ಕನ್ನಡದ 'ತೆಗೆದುಹಾಕಿದರು' ಒರಟು ಇರಬಹುದು, ಸುಳ್ಳಲ್ಲ.

ತಮಾಷೆ ಅಂದರೆ ಹಿಂದೆ ಈ ವಿಭಾಗಕ್ಕೆ ಇಂಗ್ಲಿಷಿನಲ್ಲಿ 'ಪರ್ಸನೆಲ್' ಅಂತ ಹೆಸರಿತ್ತು. ಫ್ರೆಂಚಿನಿಂದಲೇ ಬಂದ ಪದ, ಒಳಗೆ 'ಪರ್ಸನ್' ಇತ್ತು. ಪೀಟರ್ ಡ್ರಕ್ಕರ್ 1954ರ ತನ್ನ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ 'ಹ್ಯೂಮನ್ ರಿಸೋರ್ಸ್' ಬಗ್ಗೆ ಬರೆದಾಗ, ಇದು ಬೇರೆ ಸಂಪನ್ಮೂಲಗಳ ಹಾಗಲ್ಲ, ಕೆಲಸ ಮಾಡಬೇಕೋ ಬೇಡವೋ ಅನ್ನುವುದು ಕೊನೆಗೆ ಆ ಮನುಷ್ಯನ ಕೈಲೇ ಇದೆ ಅನ್ನುವ ಅರ್ಥದಲ್ಲೇ ಹೇಳಿದ್ದ. ನಾವು ಏನು ಮಾಡಿದೆವು? 'ಹ್ಯೂಮನ್' ಉದುರಿಸಿ 'ರಿಸೋರ್ಸ್' ಇಟ್ಟುಕೊಂಡೆವು. ಕನ್ನಡಕ್ಕೆ ಅದು 'ಮಾನವ ಸಂಪನ್ಮೂಲ' ಆಗಿ ಬಂತು, ಯಾರೂ ಒಂದು ಮಾತು ಕೇಳಲಿಲ್ಲ. 1985ರಿಂದ 2020ರವರೆಗೆ ದೇಶದ ಶಿಕ್ಷಣ ಸಚಿವಾಲಯದ ಹೆಸರೇ ಅದಾಗಿತ್ತು. ನೀವೂ ನಾನೂ ಮಗ್ಗಿ ಕಲಿಯುವ ವಯಸ್ಸಿನಲ್ಲೇ ಸಂಪನ್ಮೂಲ ಆಗಿದ್ದೆವು. ಕಲ್ಲಿದ್ದಲು, ಜಲ, ಅರಣ್ಯ ಮತ್ತು ನಾವು.

ಕನ್ನಡ ಪತ್ರಿಕೆಗಳ ಇನ್ನೊಂದು ರೋಗ ಇಲ್ಲೇ ಹೇಳಿಬಿಡುತ್ತೇನೆ. 'ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಮಾನವೀಯತೆ ಮೆರೆದ ಶಾಸಕ.' ಮೆರೆಯುವುದು ಮೆರವಣಿಗೆಯಲ್ಲಿ, ಆನೆಯ ಮೇಲೆ. ರಸ್ತೆಯಲ್ಲಿ ಬಿದ್ದವನನ್ನು ಎತ್ತುವುದಕ್ಕೆ ನಮ್ಮ ಕಡೆ ಏನೂ ಅನ್ನುವುದಿಲ್ಲ. ಎತ್ತದೇ ಹೋದವನಿಗೆ ಅನ್ನುತ್ತಾರೆ: 'ಅಂತಃಕರಣ ಇಲ್ಲದ ಮನಷ್ಯಾ.' ಇಂಗ್ಲಿಷಿನ 'ಹ್ಯೂಮೇನ್'ಗೆ ಡಿಕ್ಷನರಿ ನೋಡಿ 'ಮಾನವೀಯ' ಅಂತ ತಂದವರು ಧಾರವಾಡ ಹಾವೇರಿ ಕಡೆ ಒಂದು ಸಂತೆಗೆ ಹೋಗಿದ್ದರೆ ಅಂತಃಕರಣ ಪುಕ್ಕಟೆ ಸಿಗುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ವಾಟ್ಸಾಪ್ ಗ್ರೂಪುಗಳಲ್ಲಿ ಚೆನ್ನಾಗಿ ಓಡುತ್ತದೆ. 'ಮನುಷ್ಯರನ್ನು ಎಣಿಸಲು ಬೇರೆ ಸಂಖ್ಯೆ ಇರುವ ಭಾಷೆ ಕನ್ನಡ, ಹೆಮ್ಮೆಯಿಂದ ಶೇರ್ ಮಾಡಿ.' ದಯವಿಟ್ಟು ಬೇಡ. ಯಾಕೆ ಅಂದರೆ ಅವ್ವ ನನ್ನ ವ್ಯಾಕರಣ ತಿದ್ದಿದ ಮರುದಿನ ಬೆಳಿಗ್ಗೆ ಏನಾಯಿತು ಕೇಳಿ. ಹೊಲದಲ್ಲಿ ಬೀಜದ ಪ್ಲಾಟಿನ ಕೆಲಸ ಇತ್ತು. ಎಂಟಾದರೂ ಆಳುಗಳು ಬಂದಿರಲಿಲ್ಲ. ಅವ್ವ ಕಟ್ಟೆಗೆ ಬಂದು ದಾರಿ ನೋಡಿ ಅಂದಳು, 'ಎಂಟ್ ಆತು, ಅವು ಇನ್ನೂ ಬಂದಿಲ್ಲ ನೋಡು.'

ಅವು.

'ಅವರು ಅನ್ನಬೇ' ಅಂದೆ. ಅವ್ವನಿಗೆ ಮೊದಲು ಗೊತ್ತಾಗಲೇ ಇಲ್ಲ. ಗೊತ್ತಾದ ಮೇಲೆ ಸಿಟ್ಟು ಬಂತು. 'ಹೊಲದ ಮಂದಿಗೆ ಹಂಗ ಅನ್ನೂದು ರೂಢಿ. ಅದರಾಗೇನೈತಿ?' ನನ್ನ ಮ್ಯಾನೇಜರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವ್ವ ಕನ್ನಡದಲ್ಲಿ ಹೇಳಿದ್ದಳು. ಮನುಷ್ಯ ಮತ್ತು ಮನುಷ್ಯ ಅಲ್ಲದ್ದು ಅಂತ ಬೇಲಿ ಹಾಕಿದ ವ್ಯಾಕರಣವೇ ಬೇಲಿಯ ಆಚೆಗೆ ಯಾರನ್ನು ಬೇಕಾದರೂ ದಬ್ಬುವ ಸೌಕರ್ಯವನ್ನೂ ಮಾಡಿಕೊಟ್ಟಿದೆ. ಇಂಗ್ಲಿಷಿನ 'ದೇ'ಗೆ ಆ ಬೇಲಿ ಇಲ್ಲ, ಹಾಗಾಗಿ ಒಂದೇ ಅಕ್ಷರದಲ್ಲಿ ಒಬ್ಬರನ್ನು ದನದ ಸಾಲಿಗೆ ಸೇರಿಸುವ ಸೂಕ್ಷ್ಮ ಕಲೆ ಅದಕ್ಕೆ ಬರುವುದಿಲ್ಲ. ನಮಗೆ ಬರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರ ಬಗ್ಗೆ, ಸೆಕ್ಯುರಿಟಿಯವರ ಬಗ್ಗೆ ಮಾತಾಡುವಾಗ ಕಿವಿ ಕೊಟ್ಟು ಕೇಳಿ. 'ಇವತ್ತು ಕೆಲಸದ್ದು ಬಂದಿಲ್ಲ.' ಆಫೀಸಿನಲ್ಲಿ ರಿಸೋರ್ಸ್ ಅನ್ನಿಸಿಕೊಂಡು ಮನೆಗೆ ಬಂದು ಬೇಜಾರು ಮಾಡಿಕೊಳ್ಳುವವರು ನಾವೇ, 'ಕೆಲಸದ್ದು' ಅನ್ನುವವರೂ ನಾವೇ.

'ಆಳು' ಅನ್ನುವ ಪದ ನೋಡಿ. ನಮ್ಮ ಕಡೆ 'ಎಷ್ಟಾಳು ಬಂದಾರ?' ಅಂದರೆ ಎಷ್ಟು ಜನ ಅಂತ. ಒಳ್ಳೆಯ ಪದ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಹಂಸಾ ಮೆಹ್ತಾ ಮೆಚ್ಚಬಹುದಾದ ಪದ. ಆದರೆ ಕೂಲಿಯ ಮಾತು ಬಂದ ಕೂಡಲೇ ಅದು ಗಂಡಾಳು, ಹೆಣ್ಣಾಳು ಅಂತ ಸೀಳುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹೊಲದ ಲೆಕ್ಕದ ವಹಿ ಬರೆಯುತ್ತಿದ್ದದ್ದು ನಾನೇ; ಅಕ್ಷರ ದುಂಡಗಿದ್ದವು ಅಂತ. ಒಂದೊಂದು ದಿನಕ್ಕೆ ಒಂದೊಂದು ಸಾಲು. 'ಗಂ 3, ಹೆ 14.' ಗಂ ಗುಣಿಸು 60, ಹೆ ಗುಣಿಸು 35. ಆ ವಹಿಯಲ್ಲೂ ಹೆಸರಿಗೆ ಕಾಲಂ ಇರಲಿಲ್ಲ. ಎಕ್ಸೆಲ್ ಶೀಟು ನಾನು ಬೆಂಗಳೂರಲ್ಲಿ ಕಲಿತದ್ದಲ್ಲ ಅಂತ ಈಗ ಅನ್ನಿಸುತ್ತದೆ.

ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಉದ್ಯೋಗ ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ನಮ್ಮ ಹೊಲಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ. ಗಂಡಾಳು ಭಾರ ಎತ್ತುತ್ತಾನೆ ಅನ್ನುವುದು ಅಪ್ಪನ ವಾದ. ರಾಣೆಬೆನ್ನೂರು ಸೀಮೆಯ ಹೈಬ್ರಿಡ್ ಬೀಜದ ಪ್ಲಾಟುಗಳನ್ನು ನೋಡಿದವರಿಗೆ ಆ ಕೆಲಸ ಗೊತ್ತು: ಹೂವೊಂದೊಂದನ್ನೂ ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗವನ್ನು ಬೆರಳ ತುದಿಯಲ್ಲಿ ಸವರುವುದು. ಬಿಸಿಲಲ್ಲಿ ಬಗ್ಗಿ, ಇಡೀ ದಿನ. ಮಾಡುವವರು ಬಹುಪಾಲು ಹೆಂಗಸರೇ. 'ಅದರಾಗ ಭಾರ ಎಲ್ಲೈತಪಾ, ಹೂವಿನ ತೂಕ ಎಷ್ಟು?' ಅಂತ ಕೇಳಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಗೆ ಜಿ.ಐ. ಟ್ಯಾಗ್ ಸಿಕ್ಕು ಅದಕ್ಕೊಂದು ಹೆಸರು, ವಿಳಾಸ, ಕಾನೂನಿನ ರಕ್ಷಣೆ ಎಲ್ಲ ಬಂದಿದೆ. ಅದರ ತೊಟ್ಟು ಮುರಿಯುತ್ತಾ ಘಾಟಿಗೆ ಕೆಮ್ಮುವ ಹೆಂಗಸು ಮಾತ್ರ ಇನ್ನೂ 'ಹೆ'.

ಕಾನೂನೂ ಏನು ಕಡಿಮೆ ಇರಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಕೆಲಸಗಾರ ಅಂದರೆ 'ವರ್ಕ್‌ಮನ್'. ಹೆಂಗಸೂ ವರ್ಕ್‌ಮನ್ನೇ, ಯಾಕೆಂದರೆ ಗಂಡು ಪದ ಹೆಣ್ಣನ್ನೂ ಒಳಗೊಳ್ಳುತ್ತದೆ ಅಂತ 1897ರ ಇನ್ನೊಂದು ಕಾಯ್ದೆ ಹೇಳುತ್ತದೆ. 2020ರ ಹೊಸ ಸಂಹಿತೆಯಲ್ಲಿ ಅದು 'ವರ್ಕರ್' ಆಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 'ಮ್ಯಾನ್‌ಹೋಲ್' ಹೋಗಿ 'ಮಷೀನ್‌ಹೋಲ್' ಬರಬೇಕು ಅಂದರು. ಪದ ಬದಲಾದದ್ದು ಒಳ್ಳೆಯದೇ. ಗುಂಡಿಯೊಳಗೆ ಇಳಿಯುವುದು ನಿಂತಾಗ ಇನ್ನೂ ಒಳ್ಳೆಯದು.

ದೇವರಗುಡ್ಡದಲ್ಲಿ ಇನ್ನೊಂದು ದೃಶ್ಯ ಇದೆ, ಅದನ್ನು ನೋಡಿದ ಬೆಂಗಳೂರಿನ ಗೆಳೆಯರು ಮುಖ ಹಿಂಡುತ್ತಾರೆ. ಕಂಬಳಿ ಹೊದ್ದ ಗೊರವರು ದೋಣಿಯ ಸುತ್ತ ಸೇರಿ, ಮಾಲತೇಶನ ನಾಯಿಗಳಾಗಿ ಬೊಗಳುತ್ತಾ, ಬಾಯಿ ಹಾಕಿ ಹಾಲು ಬಾಳೆಹಣ್ಣು ತಿನ್ನುತ್ತಾರೆ. 'ಛೇ, ಎಷ್ಟು ಅಮಾನವೀಯ' ಅಂದರು ಒಬ್ಬರು. ಮನುಷ್ಯರಿಂದ ಹಾಗೆ ಮಾಡಿಸಬೇಕೇ ಅನ್ನುವ ಪ್ರಶ್ನೆ ನನಗೂ ಇದೆ. ಯಾವ ಜಾತಿಯವರ ಪಾಲಿಗೆ ಯಾವ ಸೇವೆ ಬಂತು ಅನ್ನುವುದು ಸುಮ್ಮನೆ ಬಿಡುವ ವಿಷಯ ಅಲ್ಲ. ಆದರೆ ದೋಣಿ ಖಾಲಿಯಾದ ಮೇಲೆ ಏನಾಗುತ್ತದೆ ನೋಡಿ. ಅದೇ ಗೊರವಪ್ಪ ಎದ್ದು ಬಾಯಿ ಒರೆಸಿಕೊಳ್ಳುತ್ತಾನೆ, ಮಂದಿ ಅವನ ಕಾಲಿಗೆ ಬೀಳುತ್ತಾರೆ, ಅವನು ಹಣೆಗೆ ಬಂಡಾರ ಹಚ್ಚುತ್ತಾನೆ. ನಾಯಿ ಆದವನು ಮತ್ತೆ ಮನುಷ್ಯ ಆಗುವುದಕ್ಕೆ ಅಲ್ಲಿ ದಾರಿ ಇದೆ. ನನ್ನ ಶೀಟಿನಲ್ಲಿ ಐಡಿ ಆದವರಿಗೆ ಆ ದಾರಿ ಎಲ್ಲಿದೆ? ಬ್ಯಾಡ್ಜ್ ಕಸಿದುಕೊಂಡು, ಮೇಲ್ ಬಂದ್ ಮಾಡಿ, ಸೆಕ್ಯುರಿಟಿಯವರನ್ನು ಜೊತೆಗೆ ಕೊಟ್ಟು ಲಿಫ್ಟಿನ ತನಕ ಬಿಟ್ಟು ಬಂದೆವು. ನನ್ನ ಬುತ್ತಿಯ ಜೊತೆಗಾರರಿಗೆ ಡಬ್ಬಿ ವಾಪಸ್ ಕೊಡುವುದಕ್ಕೂ ಆಗಲಿಲ್ಲ. ಅದು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಬೆಂಗಳೂರಿಗೆ ವಾಪಸ್ ಬಂದ ಸೋಮವಾರ ತಿಂಗಳ ವರದಿ ಕಳಿಸಬೇಕಿತ್ತು. 'ರಿಸೋರ್ಸ್ ಐಡಿ' ಅಳಿಸಿ 'ಹೆಸರು' ಅಂತ ಹಾಕಿದೆ. 'ರಿಸೋರ್ಸ್ ಕೌಂಟ್' ಇದ್ದಲ್ಲಿ 'ಪೀಪಲ್', ಫ್ರೆಂಚ್ ಪ್ರತಿಯಲ್ಲಿ 'ಪೆರ್ಸಾನ್'. ಅರ್ಧ ಗಂಟೆಯಲ್ಲಿ ಉತ್ತರ ಬಂತು: ದಯವಿಟ್ಟು ಟೆಂಪ್ಲೇಟ್ ಬದಲಾಯಿಸಬೇಡಿ. ಮುಂದಿನ ತಿಂಗಳೂ ಹಾಗೇ ಕಳಿಸಿದೆ. ಮತ್ತೆ ಅದೇ ಉತ್ತರ, ಈ ಸಲ ಮೇಲಿನವರೊಬ್ಬರನ್ನು ಕಾಪಿಯಲ್ಲಿ ಇಟ್ಟು. ಮೂರನೇ ತಿಂಗಳಿನದು ಈ ಶುಕ್ರವಾರ ಹೋಗಬೇಕು. ನೀವೂ ನಿಮ್ಮ ನಿಮ್ಮ ಶೀಟುಗಳಲ್ಲಿ ಹೀಗೇ ಮಾಡಿದರೆ ಎಷ್ಟು ಮಂದಿಗೆ ಅಂತ ಉತ್ತರ ಬರೆಯುತ್ತಾರೆ?

ಅವ್ವ ಈಗ ಫೋನಿನಲ್ಲಿ 'ಅವರು ಬಂದಿದ್ರು, ಅವರು ಹೋದ್ರು' ಅಂತಾಳೆ. ನನಗೆ ಕೇಳಿಸಲಿ ಅಂತಲೇ 'ರು' ಮೇಲೆ ಒತ್ತು ಕೊಟ್ಟು. ಹೆಣ್ಣಾಳಿನ ಕೂಲಿ ಏನಾಯ್ತಬೇ ಅಂತ ಕೇಳಿದೆ.

'ಅದನ್ನ ನಿಮ್ಮಪ್ಪನ್ನ ಕೇಳು' ಅಂದು ಫೋನನ್ನು ಅಪ್ಪನ ಕಡೆ ಹಿಡಿದಳು. ಅಪ್ಪ ಬಚ್ಚಲ ಕಡೆ ಎದ್ದು ಹೋದ ಸದ್ದು ಕೇಳಿಸಿತು.